ನವಾಬ ಸಂಸಾರ ಹೂಡಿದ್ದು

ಗೊರೇಬಾಳದ ಶೇಖರಮ್ಮನ ಹೆಬ್ಬಾತುಗಳಲ್ಲಿ ಗಂಡು ಒಂದೇ. ಅದರ ಹೆಸರು ನವಾಬ. ಅದು ಮೊಟ್ಟೆಯೊಡೆದು ಬಂದ ದಿನವೇ ತಾಯಿಯನ್ನು ನಾಯಿ ಎಳೆದೊಯ್ದಿತ್ತು. ಮರಿಗೆ ಮೊದಲು ಕಂಡದ್ದು ಶೇಖರಮ್ಮನ ಮುಖ. ಅವಳು ಅದನ್ನು ಉಡಿಯಲ್ಲಿಟ್ಟುಕೊಂಡು, ನೆನೆಸಿದ ನುಚ್ಚು ತಿನ್ನಿಸಿ ಬೆಳೆಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆರದೆಯೂ ಮುದ್ದು ಮಾಡಿದಳು.

ದೊಡ್ಡದಾದ ಮೇಲೆ ನವಾಬನಿಗೆ ಅವಳೇ ಲೋಕ. ಅವಳ ಹತ್ತಿರ ಯಾರು ಸುಳಿದರೂ ಕತ್ತು ನೆಲಕ್ಕೆ ಚಾಚಿ ಬುಸುಗುಟ್ಟುತ್ತ ನುಗ್ಗುತ್ತಿತ್ತು. ಓಡದೆ ಸೆಟೆದು ನಿಂತು ಕೈ ಅಗಲಿಸಿದರೆ ಹಿಂದೆ ಸರಿಯುತ್ತದೆ ನಿಜ. ಆದರೆ ಅವಳ ಗಂಡ ಶಿವಶರಣಪ್ಪ ಮನೆಯಲ್ಲೇ ನಡೆಸುವ ಹಿಟ್ಟಿನ ಗಿರಣಿಗೆ ಜೋಳ ಹೊತ್ತು ಬಂದವರು ಕೈ ಅಗಲಿಸುವುದು ಹೇಗೆ? ಜೊತೆಗೆಂದು ತಂದ ಎರಡು ಹೆಣ್ಣುಗಳ ಕಡೆಗೆ ಅದು ಕತ್ತೆತ್ತಿಯೂ ನೋಡಲಿಲ್ಲ. ಅವು ಇಟ್ಟ ಮೊಟ್ಟೆಗಳೆಲ್ಲ ಜೊಳ್ಳು.

"ಈ ಮನ್ಯಾಗ ನಿನ್ನ ಗಂಡ ಯಾರು, ನಾನೋ ಅದೋ?" ಎಂದ ಶಿವಶರಣಪ್ಪ, ಅದು ಕಚ್ಚಿದ ಮೊಣಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತ. "ಇನ್ನೊಬ್ರನ್ನ ಕಡೀತಂದ್ರ ಸಿಂಧನೂರು ಸಂತಿಗೆ ಒಯ್ದು ಮಾರಿ ಬರ್ತೀನಿ ನೋಡು."

ಸಂತೆಯಲ್ಲಿ ಬಾತು ಕೊಳ್ಳುವವರು ಸಾಕುವುದಕ್ಕೆ ಕೊಳ್ಳುವುದಿಲ್ಲ. ಹೆಣ್ಣು ಬಾತುಗಳನ್ನು ಕೊಟ್ಟಿದ್ದ ಮಕ್ತುಮ್‌ಸಾಬ್ ಗಿರಣಿಗೆ ಬಂದಾಗ, ಏನು ಮಾಡಲಿ ಎಂದು ಶೇಖರಮ್ಮ ಕೇಳಿದಳು.

"ಅದು ನಿಮ್ಮನ್ನ ತನ್ನ ಜೋಡಿ ಅಂತ ತಿಳ್ಕೊಂಡೈತ್ರೀ ಅಕ್ಕಾರ," ಎಂದ ಆತ ಮೆಲ್ಲಗೆ. "ಕೈಯಿಂದ ತಿನ್ನಸಬ್ಯಾಡ್ರಿ, ಮಾತಾಡಸಬ್ಯಾಡ್ರಿ. ನೀವು ಬಿಟ್ರ ಅದೂ ಬಿಡ್ತೈತಿ."

ಹೇಳುವುದು ಸುಲಭ. ಮರುದಿನದಿಂದ ಕಾಳನ್ನು ಶಿವಶರಣಪ್ಪನೇ ಹಿತ್ತಲ ಹೊಂಡದ ದಂಡೆಗೆ ದೂರದಿಂದ ಚೆಲ್ಲಿದ. ನವಾಬ ಬಾಗಿಲ ಮುಂದೆ ನಿಂತು ಅವಳನ್ನು ಕರೆಯಿತು. ಅದು ಕೇಳಿಸದಿರಲೆಂದು ಶೇಖರಮ್ಮ ರೊಟ್ಟಿ ಬಡಿಯುವ ಸದ್ದನ್ನು ಜೋರು ಮಾಡಿದಳು. ಊಟ ಸೇರಲಿಲ್ಲ. ಬಾತಿಗಾಗಿ ಯಾರಾದರೂ ಉಪವಾಸ ಬೀಳುತ್ತಾರೆಯೇ ಎಂದು ನಗುವವರು ನಗಲಿ. ಅವರು ಯಾರನ್ನೂ ಕೈಯಾರೆ ದೂರ ಮಾಡಿದವರಲ್ಲ.

ಕಾಲುವೆಗೆ ನೀರು ಬಿಟ್ಟರು, ಹೊಂಡ ತುಂಬಿತು. ಒಂದು ಬೆಳಗಿನ ಮಂಜಿನಲ್ಲಿ ಗದ್ದೆ ಯಾವುದು, ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತ ಶೇಖರಮ್ಮನಿಗೆ ತಾನು ಎದ್ದಿದ್ದೇನೋ ಇನ್ನೂ ನಿದ್ದೆಯಲ್ಲಿದ್ದೇನೋ ಎಂಬ ಅನುಮಾನ. ಬಿಳಿಯ ಹೆಣ್ಣೊಂದು ಕತ್ತನ್ನು ನೀರಲ್ಲಿ ಅದ್ದಿ ಎತ್ತಿತು. ನವಾಬನೂ ಅದ್ದಿ ಎತ್ತಿತು. ಮತ್ತೆ ಅದು, ಮತ್ತೆ ಇದು. ಅಲೆಗಳು ಸುತ್ತು ಸುತ್ತಾಗಿ ಸದ್ದಿಲ್ಲದೆ ದಂಡೆಗೆ ಬಂದವು. ಆಮೇಲೆ ಎರಡೂ ಒಂದಾದವು. ಅವಳು ಮದುವೆಮನೆಯಲ್ಲಿ ನಿಂತವಳಂತೆ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಹೆಣ್ಣು ಕಾವಿಗೆ ಕೂತಿತು. ನವಾಬ ಗಿರಣಿಯ ಕಡೆ ಬರುವುದನ್ನೇ ಬಿಟ್ಟು ಗೂಡಿನ ಮುಂದೆ ಕಾವಲು ನಿಂತಿತು. ಒಂದು ದಿನ ಶೇಖರಮ್ಮ ತಡೆಯಲಾರದೆ ನೆನೆಸಿದ ನುಚ್ಚು ಹಿಡಿದು ಹತ್ತಿರ ಹೋದಳು. ನವಾಬ ಬುಸುಗುಟ್ಟಿ, ನುಗ್ಗಿ, ಅವಳ ಮುಂಗೈಯನ್ನೇ ಕಚ್ಚಿತು.

ಶಿವಶರಣಪ್ಪ ಬಡಿಗೆ ಹಿಡಿದು ಓಡಿ ಬಂದ.

"ಹೊಡೀಬ್ಯಾಡ್ರಿ," ಎಂದಳು. "ತನ್ನ ಸಂಸಾರ ಕಾಯಾಕತ್ತೈತಿ. ನಾನಽ ಅಡ್ಡ ಹೋದೆ."

ಗೆದ್ದೆನೆಂಬ ಸಮಾಧಾನವೂ ಕಳೆದುಕೊಂಡೆನೆಂಬ ಅಳುವೂ ಕೂಡಿಯೇ ಬಂದವು. ಮುಂಗೈ ಮೇಲಿನ ಕಂದು ಕಲೆ ದಿನದಿನಕ್ಕೆ ಮಾಸುತ್ತಿರುವಾಗ, ಶೇಖರಮ್ಮ ಕೆಲಸ ಬಿಟ್ಟು ಅದನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು, ಇನ್ನೂ ನೋಯುತ್ತದೆಯೇ ಎಂದು.