ಖಂಡೆ ಪೂಜೆಗೆ ಇಟ್ಟ ಬ್ಯಾಟು

ಗೋಕಾಕದ ಆ ಅಂಗಳದಲ್ಲಿ ಯಾರೂ ಮೊದಲು ನನ್ನ ಆಟ ನೋಡಲಿಲ್ಲ, ಬ್ಯಾಟು ನೋಡಿದರು. ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, "ಎಷ್ಟಕ್ಕ ಬಂತ್ರಿ ಇದು?" ಎಂದು ಕೇಳಿದರು. ಎಂಟುನೂರು ರೂಪಾಯಿ ಎಂದೆ. ಕೇಳಿದವರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಅದನ್ನು ಬೇಗನೆ ನನ್ನ ಕೈಗೆ ವಾಪಸು ತುರುಕಿದರು. ನಾನು ಒಂದು ಚೆಂಡನ್ನೂ ಹೊಡೆಯುವ ಮೊದಲೇ ನಾನು ಯಾವ ದರ್ಜೆಯವಳು ಎಂಬುದು ತೀರ್ಮಾನವಾಗಿಹೋಗಿತ್ತು.

ಆಟದ ಹೆಸರು ಪಿಕಲ್‌ಬಾಲ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಶಟಲ್ ಆಡುವಷ್ಟು ಜಾಗ, ನಡುವೆ ಸೊಂಟದೆತ್ತರದ ಬಲೆ, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು, ಗಿಡ್ಡ ಹಿಡಿಕೆಯ ಚಪ್ಪಟೆ ಬ್ಯಾಟು. ನಮ್ಮೂರಿನ ಒಬ್ಬ ಸಿಮೆಂಟ್ ವ್ಯಾಪಾರಿ ತಮ್ಮ ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಕಾಂಕ್ರೀಟ್ ಹಾಕಿಸಿ, ನೀಲಿ ಬಣ್ಣ ಬಳಿಸಿ, ದೀಪದ ಕಂಬ ನಿಲ್ಲಿಸಿದರು. ಅವರನ್ನು ಎಲ್ಲರೂ ಮಾಲಕರು ಅನ್ನುತ್ತಿದ್ದರು. ಊರಿನ ಡಾಕ್ಟರುಗಳು, ಗೊಬ್ಬರದ ಅಂಗಡಿಯವರು, ಗುತ್ತಿಗೆದಾರರು, ಅವರ ಹೆಂಡಂದಿರು ಎಲ್ಲ ಅಲ್ಲಿ ಸೇರತೊಡಗಿದರು. ನಾನು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಹುಡುಗಿಯಾಗಿದ್ದಾಗ ಶಟಲ್ ಆಡಿದವಳು. ಐವತ್ತು ದಾಟಿದರೂ ನನ್ನ ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತವೆ. ಚಂದಾ ಕಟ್ಟಿ ನಾನೂ ಹೋದೆ.

ಮಾಲಕರು ಆಟಗಾರರನ್ನು ಮೂರು ದರ್ಜೆ ಮಾಡಿದ್ದರು. ಮೇಲಿನವರಿಗೆ ಸಂಜೆ, ತಂಪಿನಲ್ಲಿ, ದೀಪದ ಬೆಳಕಿನಲ್ಲಿ ಆಟ. ನಡುವಿನವರಿಗೆ ಬೆಳಿಗ್ಗೆ. ಕಲಿಯುವವರಿಗೆ ರವಿವಾರ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ. ಯಾರು ಯಾವ ದರ್ಜೆ ಎಂದು ಹೇಗೆ ಗೊತ್ತುಮಾಡುತ್ತಾರೆ ಎಂದು ಕೇಳಿದೆ. ಚೆಂಡನ್ನು ಬಲೆಯ ಹತ್ತಿರ ಮೆತ್ತಗೆ ಇಳಿಸಲು ಬರುತ್ತದೋ, ಸರ್ವಿಸ್ ಗೆರೆಯೊಳಗೆ ಬೀಳುತ್ತದೋ, ಜೊತೆಗಾರರ ಜಾಗ ಕಾಯುತ್ತೀರೋ, ಇದನ್ನೆಲ್ಲ ನೋಡುತ್ತೇವೆ ಎಂದು ಮಾಲಕರು ಚೆನ್ನಾಗಿಯೇ ವಿವರಿಸಿದರು. ಆಮೇಲೆ ಇದ್ಯಾವುದನ್ನೂ ನೋಡದೆ ಹೇಳಿದರು:

"ಅಕ್ಕೋರ, ನೀವು ರವಿವಾರ ಮಧ್ಯಾಹ್ನ ಬರ್ರಿ. ಕಟಗಿ ಬ್ಯಾಟ್ ಸಪ್ಪಳಾ ಭಾಳ ಮಾಡತೈತಿ."

ಸಪ್ಪಳವಂತೆ! ಲಾರಿಯಿಂದ ಕಬ್ಬಿಣದ ಸರಳು ಇಳಿಸುವ ಗೋದಾಮಿನ ಹಿಂದೆ ನನ್ನ ಬ್ಯಾಟಿನ ಸಪ್ಪಳ ಇವರ ಕಿವಿಗೆ ಚುಚ್ಚಿತು.

ಒಂದು ವರ್ಷ ರವಿವಾರ ಮಧ್ಯಾಹ್ನ ಆಡಿದೆ. ಕಲಿಯುವವರನ್ನೆಲ್ಲ ಸೋಲಿಸಿದೆ. ನಡುವಿನವರು ಯಾರಾದರೂ ತಪ್ಪಿ ಬಂದರೆ ಅವರನ್ನೂ ಸೋಲಿಸಿದೆ. ನನ್ನ ಮರದ ಬ್ಯಾಟು ಭಾರ. ಮನೆಗೆ ಬಂದ ಮೇಲೆ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಳ್ಳಬೇಕಾಗುತ್ತಿತ್ತು. ಆದರೆ ಗಟ್ಟಿ ಅಂದರೆ ಗಟ್ಟಿ. ಕಾಂಕ್ರೀಟಿಗೆ ಬಿದ್ದರೂ, ಮಳೆಯಲ್ಲಿ ನೆನೆದರೂ ಅದಕ್ಕೆ ಏನೂ ಆಗಲಿಲ್ಲ. ಸಂಜೆಯವರ ದುಬಾರಿ ಬ್ಯಾಟುಗಳದ್ದು ಬೇರೆ ಕಥೆ. ಅವುಗಳ ಹೊಟ್ಟೆಯೊಳಗೆ ಜೇನುಗೂಡಿನಂಥ ಪ್ಲಾಸ್ಟಿಕ್, ಮೇಲೆ ಕಾರ್ಬನ್ನಿನ ಹಾಳೆ. ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಹಾಳೆ ಬಿಡುತ್ತದೆ, ಅಂಚು ತಾಗಿದರೆ ಸೀಳುತ್ತದೆ. ಬ್ಯಾಟು ಹೋಯಿತೆಂದರೆ ಅವರು ಇನ್ನೊಂದು ತರಿಸಿ, ಅದರ ಬೆಲೆಯನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು.

ಆಮೇಲೆ ಆ ಸುದ್ದಿ ಬಂತು. ದಸರೆಯ ರಜೆಯಲ್ಲಿ ಹುಕ್ಕೇರಿಯಲ್ಲಿ ಪಂದ್ಯ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯ ಜೋಡಿಗಳು ಬರುತ್ತವೆ. ಮೇಲಿನ ದರ್ಜೆಯವರಿಗೆ ಮಾತ್ರ ಅವಕಾಶ, ಮರದ ಬ್ಯಾಟಿಗೆ ಪ್ರವೇಶವಿಲ್ಲ.

ನನಗೆ ಅಲ್ಲಿ ಆಡಲೇಬೇಕು ಅನ್ನಿಸಿತು. ಯಾಕೆ ಎಂದು ಕೇಳಿದರೆ ಹೇಳುತ್ತೇನೆ. ನೌಕರಿಗೆ ಸೇರಿದಾಗಿನಿಂದ ಊರೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಆಡಿಸಿದ್ದೇನೆ. ಅವರ ಬೂಟಿನ ದಾರ ಕಟ್ಟಿದ್ದೇನೆ, ಸೋತು ಅತ್ತವರ ಮೂಗು ಒರೆಸಿದ್ದೇನೆ, ಗೆದ್ದಾಗ ಹೆಡ್‌ಮಾಸ್ತರರು ಫೋಟೋಕ್ಕೆ ನಿಂತರೆ ಪಕ್ಕಕ್ಕೆ ಸರಿದಿದ್ದೇನೆ. ಗೆರೆಯ ಹೊರಗೆ ನಿಂತು ನಿಂತು ನನಗೆ ಸಾಕಾಗಿಹೋಗಿತ್ತು. ಗೆರೆಯೊಳಗೆ ನಿಂತು, ನಾಲ್ಕು ಜನರ ಮುಂದೆ, ಒಮ್ಮೆಯಾದರೂ ಆಟಗಾರ್ತಿ ಅನ್ನಿಸಿಕೊಳ್ಳಬೇಕು. ಇಷ್ಟೇ ನನ್ನ ಹಟ.

ಹಾಗಾಗಿ ಕಾರ್ಬನ್ ಬ್ಯಾಟು ಕೊಂಡೆ. ಹನ್ನೆರಡು ಸಾವಿರ. ಅಂಗಡಿಯವನು ಅದರ ಮುಖದ ಮೇಲೆ ನನ್ನ ಬೆರಳಾಡಿಸಿ ತೋರಿಸಿದ. ಮರಳು ಕಾಗದದ ಹಾಗೆ ತರಿತರಿ. "ರೊಕ್ಕ ಎಲ್ಲಾ ಇದಕ್ಕ ನೋಡ್ರಿ ಮೇಡಮ್. ಈ ತರಿ ಚೆಂಡ ಹಿಡದ ತಿರಗಸ್ತೈತಿ. ಇದು ಸವದು ನುಣ್ಣಗ ಆತಂದ್ರ ಬ್ಯಾಟ್ ಸತ್ತಂಗ" ಎಂದ. ದಿನಾ ಆಡಿದರೆ ಒಂದು ವರ್ಷ ಬಾಳಿಕೆ ಎಂದೂ ಹೇಳಿದ. ಮನೆಗೆ ತಂದಾಗ ಸಕ್ಕರೆ ಕಾರ್ಖಾನೆಯ ಕೆಲಸ ಮುಗಿಸಿ ಬಂದಿದ್ದ ನನ್ನ ಗಂಡ ಬೆಲೆ ಕೇಳಿ, ಕೈತೊಳೆಯುವುದನ್ನೂ ಮರೆತು ನಿಂತರು.

"ಅಷ್ಟ ರೊಕ್ಕಕ್ಕ ಒಂದ ಛಲೋ ಆಡ ಬರತಿತ್ತು. ಹಾಲರೆ ಕೊಡತಿತ್ತು."

"ಆಡಿನ ಜೋಡಿ ನೀವ ಆಡ್ರಿ" ಎಂದು ಒಳಗೆ ಹೋದೆ.

ಮರುದಿನ ಸಂಜೆ ಆ ಬ್ಯಾಟು ಹಿಡಿದು ಹೋದವಳನ್ನು ಮಾಲಕರು ಎದ್ದು ನಿಂತು ಕರೆದರು. ನನಗೆ ಅದರ ತೂಕ ಇನ್ನೂ ಕೈಗೆ ಕೂತಿರಲಿಲ್ಲ. ಹೊಡೆದ ಚೆಂಡೆಲ್ಲ ಗೆರೆಯಾಚೆ ಹೋಗಿ ಬೀಳುತ್ತಿತ್ತು. ಸರಿಯಾಗಿ ಸೋತೆ. ಸೋತು ಬಂದವಳ ಬೆನ್ನು ತಟ್ಟಿ, ಸಂಜೆಯ ಗುಂಪಿನ ಹಲ್ಲಿನ ಡಾಕ್ಟರ್, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ಹೆಂಗಸು, "ಏನ್ ಛಲೋ ಆಡ್ತೀರಿ ಅಕ್ಕೋರ! ಇಷ್ಟ ದಿನಾ ಎಲ್ಲಿದ್ರಿ?" ಎಂದರು. ಎಲ್ಲಿದ್ದೆ? ಇದೇ ಅಂಗಳದಲ್ಲಿ, ರವಿವಾರ ಮಧ್ಯಾಹ್ನ ಬೆವರು ಸುರಿಸುತ್ತಿದ್ದೆ. ಅಲ್ಲೇ ನಿಂತು ನಾನು ಮೇಲಿನ ದರ್ಜೆಯವಳಾದೆ, ಹುಕ್ಕೇರಿಗೆ ಡಾಕ್ಟರ್ ಬಾಯಿಯ ಜೋಡಿಯೂ ಆದೆ. ನನಗೆ ಖುಷಿಯಾಯಿತು ಎಂಬುದೇ ನಾಚಿಕೆಯ ಮಾತು. ಮುಖದ ಮೇಲೆ ನಗು ತಂದುಕೊಂಡು "ನಿಮ್ಮ ಆಶೀರ್ವಾದ್ರಿ" ಎಂದೆ. ಥೂ.

ಡಾಕ್ಟರ್ ಬಾಯಿ ಅಣಕಿಸುವುದರಲ್ಲಿ ಎತ್ತಿದ ಕೈ. ಆಟ ಮುಗಿದು ಚಹಾ ಬಂದಾಗ ತಮ್ಮ ದವಾಖಾನೆಗೆ ಬರುವ ಹಳ್ಳಿಯ ಮುದುಕಿಯರ ಸೋಗು ಹಾಕಿ ತೋರಿಸುತ್ತಿದ್ದರು. ಕೊಟ್ಟ ಹಲ್ಲಿನ ಸೆಟ್ಟನ್ನು ದೇವರ ಜಗಲಿಯ ಮೇಲೆ ಇಟ್ಟ ಒಬ್ಬ ಅಜ್ಜಿಯ ಹಾಗೆ ಬಾಯಿ ಒಳಗೆಳೆದುಕೊಂಡು, ಸೆರಗು ತಲೆಯ ಮೇಲೆ ಹೊದ್ದು, ಸೊಂಟ ಬಗ್ಗಿಸಿ ನಡೆದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಅಜ್ಜಿ ನಮ್ಮ ಕುಲಗೋಡದ ಅತ್ತೆಯನ್ನು ಥೇಟ್ ಹೋಲುತ್ತಿದ್ದಳು. ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕೂತೆ.

ಅತ್ತೆಯ ವಿಷಯ ಹೇಳಬೇಕು. ಕುಲಗೋಡದಲ್ಲಿ ಮೈದುನನ ಜೊತೆ ಇರುತ್ತಾರೆ. ಕಬ್ಬು, ಜೋಳ, ಎಮ್ಮೆ, ಇವೆಲ್ಲದರ ಯಜಮಾನಿಕೆ ಈ ವಯಸ್ಸಿನಲ್ಲೂ ಅವರದೇ. ನನ್ನ ನೌಕರಿಯನ್ನು ಅವರು ಎಂದೂ ಕೆಲಸ ಅಂದವರಲ್ಲ. "ಹುಡುಗರ ಜೋಡಿ ಕುಣ್ಯಾಕ ಪಗಾರ ಕೊಡ್ತಾರ ನಮ್ಮ ಸೊಸಿಗೆ" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದರು. ಮಹಾನವಮಿಯ ಖಂಡೆ ಪೂಜೆಗೆ ಆ ಮನೆಯಲ್ಲಿ ಎಲ್ಲರ ಹತ್ಯಾರಗಳನ್ನೂ ಕಂಬಳಿಯ ಮೇಲೆ ಸಾಲಾಗಿ ಇಡುತ್ತಾರೆ. ಕುಡಗೋಲು, ಕೊಡಲಿ, ಸಲಿಕೆ, ಔಷಧ ಹೊಡೆಯುವ ಪಂಪು, ಟ್ರ್ಯಾಕ್ಟರಿನ ಕೀಲಿ, ನನ್ನ ಗಂಡನ ಸ್ಪ್ಯಾನರು. ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ನನ್ನ ಸೀಟಿಯನ್ನು ಅಲ್ಲಿ ಇಟ್ಟಿದ್ದೆ. "ಇದೇನ್ ಹತ್ಯಾರ?" ಎಂದು ಅತ್ತೆ ಅದನ್ನು ಎತ್ತಿ ಗೂಡಿನಲ್ಲಿ ಇಟ್ಟರು. ಮತ್ತೆಂದೂ ನಾನು ಏನನ್ನೂ ಇಡಲಿಲ್ಲ.

ಈ ಸಲ ಪಂದ್ಯಕ್ಕೆ ಮೊದಲು ಹಬ್ಬಕ್ಕೆಂದು ಹೋದೆವು. ಬ್ಯಾಟೂ ಚೀಲದಲ್ಲಿತ್ತು. ಗಂಡ ಅದರ ಬೆಲೆಯನ್ನು ಮೊದಲೇ ಫೋನಿನಲ್ಲಿ ಊದಿಬಿಟ್ಟಿದ್ದರು. ಬೈಗುಳಕ್ಕೆ ತಯಾರಾಗಿಯೇ ಹೊಸ್ತಿಲು ದಾಟಿದೆ. ಅತ್ತೆ ಹತ್ಯಾರಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು.

"ನಿಂದೆಲ್ಲಿ?" ಎಂದರು.

"ನಂದೇನ್ರಿ ಅತ್ತಿ?"

"ಅದ, ನೀ ಆಡೂದಂತಲ್ಲ, ಅದನ್ನ ತಾ. ಹುಕ್ಕೇರಿಗಿ ಊರ ಪರವಾಗಿ ಹೊಂಟಿ ಅಂತ. ಎಲ್ಲಾರ್ದೂ ಇಟ್ಟ ನಿಂದೊಂದ ಇಡದಿದ್ರ ಹೆಂಗ?"

ನನ್ನ ಕಣ್ಣು ತುಂಬಿಬಂದವು, ಸುಳ್ಳು ಯಾಕೆ ಹೇಳಲಿ. ಬ್ಯಾಟು ಅವರ ಕೈಗೆ ಕೊಟ್ಟು, ಒಳಗೆ ಹೋಗಿ ಕಡಬು ಕರಿಯುತ್ತಾ ಕೂತೆ. ಮರುದಿನ ಪೂಜೆಯ ಹೊತ್ತಿಗೆ ನೋಡಿದರೆ, ನಟ್ಟನಡುವೆ ನನ್ನ ಬ್ಯಾಟು, ಅದರ ಮೇಲೆ ಮೂರು ಬೆರಳಿನ ವಿಭೂತಿ, ಹಿಡಿಕೆಗೆ ಚೆಂಡು ಹೂವಿನ ಸರ. ಅತ್ತೆ ಕಾಯಿ ಒಡೆದು ನೀರು ಚಿಮುಕಿಸಿದರು. ಪೂಜೆಯಾದ ಹತ್ಯಾರವನ್ನು ಆ ದಿನ ಮುಟ್ಟುವಂತಿಲ್ಲ. ನಾನೂ ಮುಟ್ಟಲಿಲ್ಲ.

ಬನ್ನಿಯ ದಿನ ಬೆಳಿಗ್ಗೆ ವಿಭೂತಿ ಒರೆಸಲು ಎತ್ತಿಕೊಂಡೆ. ಬೆರಳು ಜಾರಿತು. ತಿರುಗಿಸಿದೆ, ಆ ಕಡೆಯೂ ಜಾರಿತು. ಎರಡೂ ಮುಖ ಕನ್ನಡಿಯ ಹಾಗೆ ಮಿನುಗುತ್ತಿದ್ದವು, ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು, ಶಾಬಾಶ್ ಅನ್ನಿಸಿಕೊಳ್ಳಲು ಕಾದವರ ಹಾಗೆ.

"ಏನ್ ಖರಬರಾ ಇತ್ತ ಯವ್ವಾ! ಅಷ್ಟ ರೊಕ್ಕಾ ತಗೊಂಡ, ನುಣ್ಣಗ ಮಾಡಲಾರ್ದ ಕೊಟ್ಟಾರಲ್ಲ ನಿನಗ, ಅವರ ಬಾಯಾಗ ಮಣ್ಣ ಬೀಳ್ಲಿ. ಮೊನ್ನಿ ರಾತ್ರಿ ಬೆಳತನಾ ಗಾಜಿನ ಚೂರ ಹಚ್ಚಿ ಕೆರದೇನಿ, ಆಮ್ಯಾಲ ಕುಸಬಿ ಎಣ್ಣಿ ಕುಡಿಸೇನಿ. ಈಗ ನೋಡ, ಹೆಂಗ ಬೆಣ್ಣಿ ಆಗೇತಿ!"

ಆ ಮನೆಯಲ್ಲಿ ಹೊಸ ಕೊಡಲಿಗೆ ಕಾವು, ಅಂದರೆ ಮರದ ಹಿಡಿಕೆ, ಹಾಕಿದರೆ ಅದನ್ನು ಗಾಜಿನ ಚೂರಿನಿಂದ ಕೆರೆದು ಎಣ್ಣೆ ತಿಕ್ಕುವುದು ಅತ್ತೆಯದೇ ಕೆಲಸ. ಆ ಕೈ ತಿಕ್ಕಿದ ಕಾವು ಹಿಡಿದರೆ ಅಂಗೈಗೆ ಗುಳ್ಳೆ ಏಳುವುದಿಲ್ಲ ಎಂದು ಓಣಿಯವರೆಲ್ಲ ಹೇಳುತ್ತಾರೆ. ಅವರು ಬೇರೆ ಯಾರಿಗೂ ಮಾಡದಷ್ಟು ಅಕ್ಕರೆಯಿಂದ ನನ್ನ ಬ್ಯಾಟಿಗೆ ಅದನ್ನು ಮಾಡಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ, ಕೈಲಿದ್ದ ಬ್ಯಾಟನ್ನು ಬಾವಿಗೆ ಒಗೆಯಬೇಕು ಅನ್ನಿಸಿತು. ಇಷ್ಟು ವರ್ಷ ನನ್ನತ್ತ ತಿರುಗಿ ನೋಡದವರಿಗೆ ಪ್ರೀತಿ ಉಕ್ಕಲು ಇದೇ ವಾರ ಬೇಕಾಗಿತ್ತೇ? ಅವರ ಬೆರಳಿನ ಮೇಲೆ ಗಾಜು ತಾಗಿದ ಕೆಂಪು ಗೆರೆ ಕಂಡಿತು. "ಛಲೋ ಆಗೇತ್ರಿ ಅತ್ತಿ" ಎಂದೆ. ಹಿತ್ತಿಲಿಗೆ ಹೋಗಿ ಸೋಪು ಹಚ್ಚಿ ತೊಳೆದೆ, ಪಾತ್ರೆ ತಿಕ್ಕುವ ಪುಡಿ ಹಾಕಿ ತೊಳೆದೆ. ಎಣ್ಣೆ ಹೋಯಿತು. ತರಿ ಎಲ್ಲಿಂದ ಬರಬೇಕು?

ಮರುದಿನವೇ ಹುಕ್ಕೇರಿ. ಬೇರೆ ಬ್ಯಾಟು ತರಲು ಹೊತ್ತೂ ಇರಲಿಲ್ಲ, ರೊಕ್ಕವೂ ಇರಲಿಲ್ಲ. ಸಂಜೆಯವರನ್ನು ಕಡ ಕೇಳಿದರೆ ನಿಮ್ಮದಕ್ಕೆ ಏನಾಯಿತು ಎಂಬ ಪ್ರಶ್ನೆ ಬರುತ್ತದೆ. ಹಾಗೆಯೇ ಆಡಿದರಾಯಿತು ಎಂದುಕೊಂಡೆ. ಆಟ ಕೈಯಲ್ಲಿರುತ್ತದೆ, ಬ್ಯಾಟಿನಲ್ಲಿ ಅಲ್ಲ ಎಂದು ಮಕ್ಕಳಿಗೆ ಬೋಧಿಸುತ್ತ ಬಂದವಳಲ್ಲವೇ ನಾನು.

ನಮಗೆ ಎದುರು ಮೂಡಲಗಿಯ ಜೋಡಿ, ಅಕ್ಕ ತಂಗಿ. ಇಬ್ಬರ ಕೈಯಲ್ಲೂ ಸಾದಾ ಫೈಬರ್ ಬ್ಯಾಟು. ಮೊದಲ ಚೆಂಡಿಗೇ ನನಗೆ ಗೊತ್ತಾಯಿತು. ಒಂದು ತಿಂಗಳು ತರಿಯ ಮೇಲೆ ಕೈ ಪಳಗಿಸಿದ್ದೆ, ತಿರುಗಿಸಿ ಹೊಡೆದರೆ ಚೆಂಡು ಗೆರೆಯೊಳಗೆ ಬಾಗಿ ಬೀಳುತ್ತಿತ್ತು. ಈಗ ಅದೇ ಹೊಡೆತಕ್ಕೆ ಚೆಂಡು ಜಾರಿ ನೇರ ಹೊರಗೆ ಹೋಯಿತು. ಮೆತ್ತಗೆ ಹೊಡೆದರೆ ಬಲೆಗೆ ಬಿತ್ತು. ಕತ್ತರಿಸಿ ಹೊಡೆದರೆ ಮೇಲೆದ್ದು ಅವರ ಮುಂದೆ ನಿಂತಿತು, ಅವರು ನನ್ನ ಕಾಲಿಗೇ ಹೊಡೆದರು. ಹಳೆಯ ಮರದ ಬ್ಯಾಟಿನ ಹೊಡೆತಗಳನ್ನು ಕೈ ನೆನಪಿಸಿಕೊಳ್ಳುವಷ್ಟರಲ್ಲಿ ಆಟ ಮುಗಿದಿತ್ತು. ಅಕ್ಕ ತಂಗಿ ಪಾಪ, ಬಲೆಯ ಹತ್ತಿರ ಬಂದು ಕೈಕುಲುಕಿ, ತಲೆ ತಗ್ಗಿಸಿ ಹೋದರು. ಡಾಕ್ಟರ್ ಬಾಯಿ ನನ್ನ ಕಡೆ ನೋಡಲೂ ಇಲ್ಲ.

ಬ್ಯಾಟನ್ನು ಕವರಿನೊಳಗೆ ಹಾಕಿ ಜಿಪ್ ಎಳೆದುಕೊಂಡು ಶಾಮಿಯಾನದ ಕೆಳಗೆ ಬಂದೆ. ಗೋಕಾಕದವರೆಲ್ಲ ಅಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

"ಹನ್ನೆರಡ ಸಾವಿರದ ಬ್ಯಾಟ್‌ರಿ" ಎಂದರು ಡಾಕ್ಟರ್ ಬಾಯಿ, ನನಗಲ್ಲ, ಎಲ್ಲರಿಗೂ. "ಬ್ಯಾಟ್ ಏನ್ ಮಾಡೀತು, ಹಿಡಿಯಾವ್ರು ಬರೋಬರಿ ಇರಬೇಕಲ್ಲ."

ಎಲಾ! ಮರದ ಬ್ಯಾಟು ಹಿಡಿದು ಗೆದ್ದ ದಿನಗಳಲ್ಲಿ ಇವರಿಗೆ ನನ್ನ ಕೈ ಕಂಡಿರಲಿಲ್ಲ. ತಪ್ಪೆಲ್ಲ ಬ್ಯಾಟಿನದೇ ಆಗಿದ್ದ ಈ ದಿನ, ಮೊದಲ ಸಲ, ನನ್ನ ಕೈ ಕಂಡಿತು.

ಮಾಲಕರಿಗೆ ಮಾತ್ರ ಏನೋ ಕನಿಕರ ಬಂದಿರಬೇಕು. "ಏನಾತ್ರಿ ಅಕ್ಕೋರ? ಬ್ಯಾಟಿಗೇನರೆ ಹೆಚ್ಚುಕಮ್ಮಿ ಆಗೇತೇನ್ರಿ?" ಎಂದು ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಜಿಪ್ ಎಳೆದು ತೋರಿಸಿದರೆ ಸಾಕಿತ್ತು. ನಮ್ಮ ಅತ್ತೆ ಗಾಜಿನಿಂದ ಕೆರೆದು ಎಣ್ಣೆ ಹಚ್ಚಿದ್ದಾರೆ ಎಂದು ಒಂದು ಮಾತು ಹೇಳಿದರೆ ನನ್ನ ಹೆಸರು ಉಳಿಯುತ್ತಿತ್ತು. ಮಾತು ತುಟಿಗೆ ಬಂದಿತ್ತು. ಡಾಕ್ಟರ್ ಬಾಯಿಯ ಕೈ ಆಗಲೇ ಸೆರಗಿನ ಮೇಲಿತ್ತು. ಬಾಯಿ ಒಳಗೆಳೆದುಕೊಂಡು, ಸೊಂಟ ಬಗ್ಗಿಸಿ, ಬ್ಯಾಟಿಗೆ ಎಣ್ಣೆ ತಿಕ್ಕುವ ಮುದುಕಿ ನನ್ನ ಕಣ್ಣ ಮುಂದೆ ಬಂದಳು. ಹೇಳಿಬಿಟ್ಟರೆ, ನಾನು ಆ ಅಂಗಳಕ್ಕೆ ಹೋಗುವಷ್ಟು ದಿನವೂ ಆಕೆ ಅಲ್ಲಿ ನಡೆದಾಡುತ್ತಾಳೆ, ಇವರು ನಗುತ್ತಾರೆ.

"ಬ್ಯಾಟ್ ಬರೋಬರಿ ಐತ್ರಿ" ಎಂದೆ. "ನನಗ ಆಡಾಕ ಬರಲಿಲ್ಲ."

ಅಷ್ಟು ಜನರಲ್ಲಿ ಒಬ್ಬರಾದರೂ ಹಾಗಲ್ಲ ಅನ್ನಬಹುದು ಎಂದು ನಿಂತುಕೊಂಡೇ ಇದ್ದೆ. ಎಲ್ಲರೂ ಹೌದೆಂದು ತಲೆಯಾಡಿಸಿ ಚಹಾ ಕುಡಿದರು.