ಮೇಲೇಳದ ಸೋರೆಬುರುಡೆ

ವಾಬಾಷ್ ಹೊಳೆಯ ದಂಡೆಯಲ್ಲಿ ನಮ್ಮ ಮರದ ಕೋಟೆ ಎದ್ದ ಹೊಸದರಲ್ಲಿ ಸಿಪಾಯಿಗಳ ಸಂಬಳ ಬರುತ್ತಿದ್ದದ್ದು ದೋಣಿಯಲ್ಲಿ. ತರುತ್ತಿದ್ದವನು ಆಸಾಹೆಲ್ ಪ್ರೂಯಿಟ್, ದಂಡಿನ ಬಟವಾಡೆ ಅಧಿಕಾರಿ. ಅಧಿಕಾರಿ ಎಂದರೆ ಠೀವಿಯವನೇನಲ್ಲ. ಬೆಳ್ಳಿ ನಾಣ್ಯದ ಪೆಟ್ಟಿಗೆಯ ಮೇಲೇ ಮಲಗಿ ಮಲಗಿ ಬೆನ್ನು ಗೂನಾದವನು. ಪೆಟ್ಟಿಗೆ ಕಳೆದರೆ ಸರ್ಕಾರ ಅವನ ಕೊರಳು ಹಿಡಿಯುತ್ತದೆ. ಅವನಲ್ಲಿ ಏನೂ ಗಿಟ್ಟದಿದ್ದರೆ ಜಾಮೀನು ನಿಂತವನ ಕೊರಳು. ನಿಂತವನು ಹೆಂಡತಿಯ ಅಪ್ಪ, ಮುದುಕ ಜೋಥಮ್. ಒಹಾಯೊ ಸೀಮೆಯ ತನ್ನ ಹೊಲಮನೆಯನ್ನೇ ಜಾಮೀನಿಗೆ ಬರೆದುಕೊಟ್ಟಿದ್ದ.

ಹೊಳೆಯಲ್ಲಿ ಹಣ ಸಾಗಿಸುವವರದು ಒಂದು ಪದ್ಧತಿ. ಪೆಟ್ಟಿಗೆಗೆ ಹಗ್ಗ ಬಿಗಿದು, ಅದರ ತುದಿಗೆ ಮೇಣ ಮೆತ್ತಿದ ಒಣ ಸೋರೆಬುರುಡೆ ಕಟ್ಟುತ್ತಾರೆ. ದೋಣಿ ಮುಳುಗಿದರೂ ಬುರುಡೆ ತೇಲಿ ಜಾಗ ತೋರಿಸಬೇಕು.

ಆ ವಸಂತದಲ್ಲಿ ಹಿಮ ಕರಗಿ ಹೊಳೆ ದಡ ಮೀರಿತ್ತು. ಕೋಟೆಯ ಕಣ್ಣೆದುರಿಗೇ, ನೀರೊಳಗಿದ್ದ ಮರಕ್ಕೆ ಬಡಿದು ದೋಣಿ ಒಡೆಯಿತು. ಜನ ಈಜಿ ದಡ ಸೇರಿದರು. ಬುರುಡೆ ಮಾತ್ರ ಮೇಲೇಳಲಿಲ್ಲ.

“ಏನ್ ಸಾಹೇಬ್ರೇ, ನಿಮ್ಮ ಬುರುಡೆಗೆ ಈಜೋಕೆ ಬರಲ್ವಾ?” ಎಂದ ಹವಾಲ್ದಾರ ಟಾಲಿವರ್. “ಪೆಟ್ಟಿಗೆ ಇದ್ರೆ ತಾನೇ ಬುರುಡೆ ತೇಲೋದು! ಯಾವ ಮರದ ಬುಡದಲ್ಲಿ ಹೂತು ಬಂದ್ರಿ?”

“ಇಲ್ಲ ಕಣಯ್ಯ, ಹಗ್ಗ ಗಿಡ್ಡ ಆಯ್ತು. ಬೇಸಿಗೆ ನೀರಿಗೆ ಅಳೆದದ್ದನ್ನೇ ಕಟ್ಟಿಬಿಟ್ಟೆ. ಬುರುಡೆ ನೀರಿನೊಳಗೇ ನಿಂತಿದೆ. ಹೊಳೆ ಇಳೀಲಿ, ಕಾಣುತ್ತೆ.”

“ಇಳೀಲಿ ಬಿಡಿ. ಅಲ್ಲೀವರೆಗೆ ಬೂಟು ಬೇಯಿಸ್ಕೊಂಡು ತಿಂತೀವಿ!”

“ಬೂಟೂ ಸವೆದೋಗಿದೆ ಹವಾಲ್ದಾರ್ರೇ,” ಎಂದು ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದಿತು. ಒಳ್ಳೆಯ ನಗೆಯಲ್ಲ ಅದು.

ಉದ್ದ ಗಳುವಿಗೆ ಕೊಕ್ಕೆ ಕಟ್ಟಿ ತಡಕಿದರು, ಕೆಸರು ಬಂತು. ಮೇಲ್ಸೀಮೆಯಲ್ಲಿ ಮಳೆ ಬಿಡಲಿಲ್ಲ, ಹೊಳೆ ಇಳಿಯಲಿಲ್ಲ. ಆಸಾಹೆಲನಿಗೆ ಚಳಿಜ್ವರ ಹತ್ತಿತು. ಕಂಬಳಿ ಹೊದ್ದು, ಗಡಗಡ ನಡುಗುತ್ತ ದಡದಲ್ಲೇ ಕೂತ. ಹೆಂಡತಿ ಡಾರ್ಕಸ್ ಜೋಳದ ರೊಟ್ಟಿ ತಂದಿಟ್ಟರೆ ಇರುವೆ ಮುತ್ತುತ್ತಿತ್ತು.

“ಅಪ್ಪನಿಗೆ ಹೇಳಿಕಳಿಸೋಣ್ವಾ?” ಎಂದಳು ಒಂದು ದಿನ.

“ಏನಂತ ಹೇಳ್ಲೇ? ನಿಮ್ಮ ಹೊಲಾನ ಮೊಳ ಹಗ್ಗಕ್ಕೆ ಮುಳುಗಿಸ್ದೆ ಅಂತ್ಲಾ?”

ಹೇಳಿಕಳಿಸಲಿಲ್ಲ. ಹೇಳುವ ಕೆಲಸವನ್ನು ಸರ್ಕಾರ ಮಾಡಿತು.

ಬೇಸಿಗೆ ಮುಗಿಯುವಾಗ ಹೊಳೆ ಸೋತಿತು. ಒಂದು ಬೆಳಿಗ್ಗೆ ಬಿದ್ದ ಮರದ ಪಕ್ಕದಲ್ಲಿ ಬುರುಡೆಯ ಬೋಳುತಲೆ ಇಣುಕಿತು. ಆಸಾಹೆಲ್ ಜ್ವರದಲ್ಲೇ ನೀರಿಗೆ ಧುಮುಕಿ, ಅದನ್ನು ಕೂಸಿನ ಹಾಗೆ ಅವುಚಿಕೊಂಡು ಕೂಗಿಕೊಂಡ.

“ಮೀನು ಸಿಕ್ತಾ ಸಾಹೇಬ್ರೇ?” ಎಂದ ಟಾಲಿವರ್. ಆಮೇಲೆ ಬುರುಡೆ ಕಂಡಿತು. ಅವನೇ ಮೊದಲು ನೀರಿಗಿಳಿದ.

ಪೆಟ್ಟಿಗೆ ಬಂತು, ಬೆಳ್ಳಿ ಕಪ್ಪಾಗಿತ್ತು, ಅಷ್ಟೇ. ಆಸಾಹೆಲ್ ಅವತ್ತೇ ಎಲ್ಲರಿಗೂ ಬಟವಾಡೆ ಮಾಡಿದ. ಟಾಲಿವರ್ ದುಡ್ಡು ಇಸಿದುಕೊಳ್ಳುವಾಗ ತಲೆ ಎತ್ತಲಿಲ್ಲ.

ಬಟವಾಡೆ ಮುಗಿಯುವ ಹೊತ್ತಿಗೆ ಕೋಟೆಯ ಬಾಗಿಲಿಗೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಅದರಲ್ಲಿ ಹಾಸಿಗೆ, ನೇಗಿಲು, ಎರಡು ಕೋಳಿ, ಜೋಥಮ್. ಹೊಲಮನೆ ಹರಾಜಾಗಿ, ಕೊಂಡವರು ಒಲೆ ಹಚ್ಚಿಯೂ ಆಗಿತ್ತು.

ಮುದುಕ ಬೈಯಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಬಿದ್ದಿದ್ದ ಬುರುಡೆಯನ್ನು ಎತ್ತಿ ತಿರುಗಿಸಿ ನೋಡಿದ.

“ಇದು ನಮ್ಮ ಹಿತ್ತಲ ಬಳ್ಳೀದಲ್ವೇನೋ ಅಳಿಯಪ್ಪ?”

“ಹೌದು ಮಾವ.”

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಬೀಜ ಗಲಗಲ ಎಂದಿತು.

“ಬೀಜ ನೀರು ಕುಡಿದಿಲ್ಲ ಕಣೋ. ಎಲ್ಲಿ ಬಿತ್ಲಿ, ಹೇಳು?”

ಆಸಾಹೆಲ್ ಬರಿದಾದ ಪೆಟ್ಟಿಗೆಯ ಮೇಲೆ ಕೂತೇ ಇದ್ದ.