ಅಕ್ಕ ಬರೆದ ಸಾಂಗಲಿ

ಅಕ್ಕನ ಕಾಗದ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ನೀಲಿ ಇನ್‌ಲ್ಯಾಂಡಿನ ಎಲ್ಲ ಮಡಿಕೆಗಳನ್ನೂ ತುಂಬಿಸಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿಯೂ ಬರೆದಿರುತ್ತಿದ್ದಳು. ಕಾಗವಾಡದಿಂದ ಎರಡು ಮೈಲಿ ಒಳಗಿದ್ದ ನಮ್ಮ ತೋಟದ ಮನೆಗೆ ಟಪಾಲಿನವನು ಬಂದುಹೋದ ಕೂಡಲೇ ಅವ್ವ ಕೈ ಒರೆಸಿಕೊಂಡು ಪಡಸಾಲೆಗೆ ಬಂದು ಕೂಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳುವ ಕೆಲಸ ನನ್ನದು.

ಅಕ್ಕನನ್ನು ಎಂಬತ್ತರ ದಶಕದ ಮೊದಲಲ್ಲಿ ಸಾಂಗಲಿಗೆ ಕೊಟ್ಟಿದ್ದರು. ಅಪ್ಪ ಆಗೆಲ್ಲ ಪ್ರತಿ ವರ್ಷ ಅರಿಷಿಣ ಹೇರಿಕೊಂಡು ಅಲ್ಲಿನ ಪೇಟೆಗೆ ಹೋಗುತ್ತಿದ್ದ; ಮದುವೆಯ ವರ್ಷವೇ ತೋಟಕ್ಕೆ ಕಬ್ಬು ಹಾಕಿದ ಮೇಲೆ ಆ ಓಡಾಟ ನಿಂತಿತು. ಅರಿಷಿಣದ ದಲಾಲಿ ಮಾಡುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಡುಗನನ್ನು ನೋಡಿ ಮೆಚ್ಚಿ ಬಂದಿದ್ದ. ಅವರೂ ನಮ್ಮ ಹಾಗೆ ಜೈನರೇ, ಆದರೆ ಮನೆಮಾತು ಮರಾಠಿ. ಗಡಿಯವರಾದ ನಮಗೆ ಮರಾಠಿ ಬರುತ್ತಿತ್ತು. ಅವರ ಮನೆಯಲ್ಲಿ ಮಾತ್ರ ಕನ್ನಡದ ಒಂದಕ್ಷರವೂ ಯಾರಿಗೂ ಬರುತ್ತಿರಲಿಲ್ಲ.

ಅಕ್ಕ ಬರೆಯುತ್ತಿದ್ದುದು ಬಹುತೇಕ ಸಂಜೆಯಾದ ಮೇಲಿನ ಸಂಗತಿಗಳನ್ನೇ. ಕೃಷ್ಣೆಯ ಘಾಟಿನ ಮೆಟ್ಟಿಲ ಮೇಲೆ ಜನ ಹೊಸ ಅರಿವೆ ಹಾಕಿಕೊಂಡು ಬಂದು ಕೂಡುತ್ತಾರಂತೆ. ಗಣಪತಿ ಗುಡಿಯ ದೀಪಗಳು ನೀರಿನಲ್ಲಿ ಉದ್ದಕ್ಕೆ ಎಳೆದ ಹಾಗೆ ಕಾಣುತ್ತವಂತೆ. ನಾಟ್ಯಗೃಹದ ಮುಂದೆ ಮಲ್ಲಿಗೆ ಮಾರುವ ಹೆಂಗಸರು ಸಾಲಾಗಿ ಕೂತಿರುತ್ತಾರಂತೆ. ಆಕೆ ನೋಡಿದ ನಾಟಕದ ಕತೆಯಂತೂ ಇಡೀ ಇರುತ್ತಿತ್ತು. ಒಂದರಲ್ಲಿ ಗಂಡನ ಮನೆ ಬಿಟ್ಟ ಹೆಂಗಸೊಬ್ಬಳು ತುಂಬಿದ ಹೊಳೆಯಲ್ಲಿ ತಾನೇ ನಾವೆ ನಡೆಸಿಕೊಂಡು ಹೋಗುತ್ತಾಳೆ. ಅದನ್ನು ಓದುವಾಗ ನಾನು ನಡುವೆಯೇ ನಿಂತುಬಿಟ್ಟಾಗ, ಅವ್ವ 'ಮುಂದ ಏನಾತು, ಓದಬೇ ಲಗೂನ' ಎಂದು ಗದರಿದ್ದಳು. ನಾಟಕ ಬಿಟ್ಟ ಮೇಲೆ ಭೇಳ ತಿಂದೆವು ಎಂಬ ಸಾಲು ಬಂದರೆ ನಾನು ಅದನ್ನು ನುಂಗಿಬಿಡುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅವ್ವನಿಗೆ ಗೊತ್ತಾದರೆ ಎದೆ ಒಡೆದುಕೊಂಡಾಳು ಎಂದು ನನ್ನ ಭಯ. ಒಳಗೊಳಗೆ ಅಕ್ಕನ ಧೈರ್ಯಕ್ಕೆ ಹೆಮ್ಮೆಯೂ ಆಗುತ್ತಿತ್ತು.

ನನಗೆ ಹತ್ತೊಂಬತ್ತು ತುಂಬಿದ ವರ್ಷ, ಮಾಸ್ತರಕಿಯ ತರಬೇತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಹತ್ತು ದಿನ ಸಾಂಗಲಿಗೆ ಹೋಗಿಬರುತ್ತೇನೆಂದು ಹಟ ಹಿಡಿದೆ. ಅಕ್ಕನಿಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. 'ಅತ್ತಿಯವರಿಗೆ ಆರಾಮಿಲ್ಲ, ಮನಿ ಸಣ್ಣದು' ಎಂದು ಅವಳು ತಾನೂ ತವರಿಗೆ ಬಾರದೆ, ಪ್ರತಿ ಸಲ ನಾನು ಬರುವುದನ್ನೂ ಮುಂದೂಡಿದ್ದಳು. ಈ ಸಲ ನಾನು ಕೇಳಲೇ ಇಲ್ಲ. ರೇಶಿಮೆ ಅಂಚಿನ ನೇರಳೆ ಸೀರೆಯನ್ನು ಬ್ಯಾಗಿನ ಮೇಲುಗಡೆಯೇ ಇಟ್ಟುಕೊಂಡು, ಮಿರಜಿನಲ್ಲಿ ಬಸ್ಸು ಬದಲಿಸಿ ಹೋಗಿ ಇಳಿದೆ.

ಹಳೆಯ ವಾಡೆಯೊಂದರ ಹಿಂಭಾಗದಲ್ಲಿ ಎರಡು ಕೋಣೆ, ಓಣಿಗೆ ತೆರೆಯುವ ಒಂದು ಕಿಟಕಿ. ಕಿಟಕಿಯ ಕೆಳಗೆ ಮಂಚ. ಮಂಚದ ಮೇಲೆ ಅಕ್ಕನ ಅತ್ತೆ. ಲಕ್ವಾ ಹೊಡೆದು ಮೂರು ವರ್ಷವಾಗಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. 'ಆರಾಮಿಲ್ಲ' ಎಂಬ ಅಕ್ಕನ ಮಾತಿನಲ್ಲಿ ಇಷ್ಟೆಲ್ಲ ಇತ್ತೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಆವತ್ತು ಸಂಜೆ ಆರಕ್ಕೆಲ್ಲ ಊಟವಾಯಿತು. ನಾನು ಮುಖ ತೊಳೆದು ನೇರಳೆ ಸೀರೆ ಉಟ್ಟು, ಹೆರಳು ಹಾಕಿಕೊಂಡು ಹೊರಗಿನ ಕೋಣೆಗೆ ಬಂದೆ. ಅಕ್ಕ ಬಿಸಿನೀರಿನ ಬಕೀಟು ಹಿಡಿದು ನಿಂತಿದ್ದಳು.

'ಯಾಕಬೇ, ಸೀರಿ ಬದಲಿಸಿದಿ?'

'ಘಾಟಿಗೆ ಹೋಗೂದಿಲ್ಲೇನ?'

ಅಕ್ಕ ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ನರಳಿದರು. ಅಕ್ಕ ಹೋಗಿ ಅವರ ಬಗಲಿಗೆ ಕೈ ಹಾಕಿ ಮಗ್ಗಲು ಬದಲಿಸಿದಳು, ಬೆನ್ನು ಒರೆಸಿದಳು, ಹಾಸಿಗೆ ಕೆಳಗಿನ ರಬ್ಬರು ಹಾಳೆ ತೆಗೆದು ತೊಳೆದಳು. ಮುಗಿಯುವ ಹೊತ್ತಿಗೆ ಎಂಟು ಹೊಡೆದಿತ್ತು. ಹತ್ತಕ್ಕೆ ಮತ್ತೆ, ಒಂದಕ್ಕೆ ಮತ್ತೆ. ಕಿಟಕಿಯಾಚೆ ನಾಟಕ ಬಿಟ್ಟ ಜನ ನಗುತ್ತ, ವಾದಿಸುತ್ತ ಮನೆಗೆ ಹೋಗುವ ಸಪ್ಪಳ ಕೇಳಿಸಿತು. ಅಕ್ಕ ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಆಲಿಸಿದಳು.

ಎರಡನೇ ದಿನವೂ ಹೀಗೇ. ಮೂರನೇ ದಿನ ನಾನು ಕೇಳಿಬಿಟ್ಟೆ. 'ನೀ ಒಂದು ನಾಟಕಾನೂ ನೋಡಿಲ್ಲ ಅಲ್ಲಾ?'

'ಇಲ್ಲ.'

'ಘಾಟು?'

'ಮದುವಿ ಆದ ಹೊಸದಾಗಿ ಗಣಪತಿ ಗುಡಿಗೆ ಹೋಗಿದ್ದೆ. ಹಗಲಿನ್ಯಾಗ.'

ಭಾವ ಅಂಗಡಿಯಿಂದ ತರುವ ಮರಾಠಿ ಪೇಪರಿನಲ್ಲಿ ನಾಟಕದ ಜಾಹೀರಾತುಗಳು ಬರುತ್ತಿದ್ದವು. ಅವಳು ಹೆಸರು ನೋಡಿ ಕತೆ ಕಟ್ಟುತ್ತಿದ್ದಳು. ಉಳಿದದ್ದು ಕಿಟಕಿಯಿಂದ ಬಂದ ಮಾತುಗಳು. ನನಗೆ ಸಿಟ್ಟು ಬಂತು. 'ಹಂಗಾದ್ರ ಇಷ್ಟು ದಿನ ಸುಳ್ಳು ಬರದಿ?'

'ಮತ್ತ ಏನ ಬರೀಲಿ? ಅವ್ವ ದಾರಿ ಕಾಯ್ತಿರತಾಳ. ಇವತ್ತ ಆರು ಸಲ ಮಗ್ಗಲಾ ಬದಲಿಸಿದೆ ಅಂತ ಬರೀಲೇನ?' ಸೆರಗಿಗೆ ಕೈ ಒರೆಸಿಕೊಂಡು ಅಂದಳು, 'ಸುಳ್ಳಲ್ಲಬೇ ಅದು. ಈ ಊರಾಗ ಯಾರಿಗೋ ಹಂಗ ಆಗತಿರತೈತಿ. ನಾ ಬರಿಯೂವಾಗ ಅದು ನನಗ ಆಕ್ಕೈತಿ.'

ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ. ನನ್ನ ಹತ್ತು ದಿನಗಳಲ್ಲಿ ಮೂರು ಹೋಗಿದ್ದವು ಎನ್ನುವುದಷ್ಟೇ ತಲೆಯಲ್ಲಿತ್ತು. ಈಗ ಒಪ್ಪಿಕೊಳ್ಳಬೇಕು: ಅಕ್ಕನ ಪಾಡಿಗೆ ಮರುಗಿದ್ದಕ್ಕಿಂತ, ನನಗೆ ಮೋಸವಾಯಿತಲ್ಲ ಎಂದು ಮರುಗಿದ್ದೇ ಹೆಚ್ಚು.

ಮರುದಿನ ಬೆಳಿಗ್ಗೆ ಅಕ್ಕ ಬಸದಿಗೆ ಹೋಗಿದ್ದಳು. ದಿನಕ್ಕೆ ಅವಳು ಹೊರಗೆ ಹೋಗುತ್ತಿದ್ದುದು ಆ ಅರ್ಧ ತಾಸು ಮಾತ್ರ. ಅತ್ತೆಗೆ ನಿದ್ದೆ ಹತ್ತಿತ್ತು. ಭಾವ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತರು. ನಾನು ಅವರನ್ನು ದಾಜಿ ಎನ್ನುತ್ತಿದ್ದೆ. ಬಹಳ ಮಾತಿನವರಲ್ಲ. ಎಷ್ಟು ಒಗೆದರೂ ಅವರ ಅಂಗಿಯಿಂದ ಅರಿಷಿಣದ ಹಳದಿ ಹೋಗುತ್ತಿರಲಿಲ್ಲ. ಅಕ್ಕನಿಗೆ ಇನ್‌ಲ್ಯಾಂಡ್ ತಂದುಕೊಡುತ್ತಿದ್ದವರೂ, ಬರೆದದ್ದನ್ನು ಡಬ್ಬಿಗೆ ಹಾಕುತ್ತಿದ್ದವರೂ ಅವರೇ.

ದನಿ ತಗ್ಗಿಸಿ ಮರಾಠಿಯಲ್ಲಿ ಕೇಳಿದರು, ನಿನ್ನ ಅಕ್ಕ ಅಷ್ಟೊಂದು ಏನು ಬರೆಯುತ್ತಾಳೆ ಎಂದು. ಆಮೇಲೆ, 'ಮಾಝೀ ತಕರಾರ ಕರತೇ ಕಾ?' ಅಂದರು. ನನ್ನ ಮೇಲೆ ತಕರಾರು ಹೇಳುತ್ತಾಳೇನು?

ಇಲ್ಲ, ಚೆನ್ನಾಗಿದ್ದೇನೆ ಎಂದೇ ಬರೆಯುತ್ತಾಳೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಾನು ಎಲ್ಲವನ್ನೂ ಹೇಳಿದೆ. ನೀವು ವಾರಕ್ಕೊಮ್ಮೆ ಘಾಟಿಗೆ ಕರೆದುಕೊಂಡು ಹೋಗುತ್ತೀರಂತೆ, ನಾಟಕ ತೋರಿಸುತ್ತೀರಂತೆ, ಹೂ ಕೊಡಿಸುತ್ತೀರಂತೆ ಎಂದು ಒಂದೊಂದನ್ನೂ ಚುಚ್ಚಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಕೆಳಗೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾರನೆಯ ದಿನ ಸಂಜೆ ಬೇಗ ಬಂದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಎರಡು ತಿಕೀಟು ಇಟ್ಟು, ತಾಯಿಯನ್ನು ನಾನು ನೋಡಿಕೊಳ್ಳುತ್ತೇನೆ, ನೀವಿಬ್ಬರೂ ಹೋಗಿಬನ್ನಿ ಎಂದರು. ನಂತರ ಮೆಲ್ಲಗೆ, ಅಕ್ಕರೆಯಿಂದಲೇ ಅಂದರು, 'ಆತಾ ಖರಂ ಲಿಹೀ.' ಇನ್ನು ಮೇಲೆ ಖರೇ ಬರೆ.

ಅಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು. ಅವಳು ಗಂಡನ ಮುಖ ನೋಡಲಿಲ್ಲ, ನನ್ನನ್ನು ನೋಡಿದಳು. ಬೈಯಬಹುದಿತ್ತು, ಅಳಬಹುದಿತ್ತು. ಎರಡೂ ಮಾಡದೆ ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿದಳು.

ನಾವು ಹೊರಟೆವು. ನಾಲ್ಕು ವರ್ಷ ಆ ಊರಿನಲ್ಲಿದ್ದವಳು ನಾಟ್ಯಗೃಹದ ದಾರಿಯನ್ನು ಹೂ ಮಾರುವವಳನ್ನು ಕೇಳಬೇಕಾಯಿತು. ದಾರಿಯಲ್ಲಿ ಘಾಟಿಗೂ ಹೋದೆವು. ಬೇಸಿಗೆಯಾದ್ದರಿಂದ ಹೊಳೆ ಸೊರಗಿ, ಮೆಟ್ಟಿಲುಗಳು ಕೆಸರಿನವರೆಗೂ ಬಯಲಾಗಿ, ಪಾಚಿಯ ವಾಸನೆ ಬರುತ್ತಿತ್ತು. ಆದರೂ ಅವಳು ಬರೆದದ್ದೆಲ್ಲ ಅಲ್ಲಿತ್ತು. ಗಂಜಿ ಹಾಕಿದ ಅಂಗಿಯ ಗಂಡಸರು, ಮಕ್ಕಳ ಕೈಯಲ್ಲಿ ಖಾರದ ಚುರುಮುರಿಯ ಭಡಂಗದ ಪೊಟ್ಟಣ, ಗುಡಿಯ ಗಂಟೆ, ಉಳಿದಷ್ಟೇ ನೀರಿನಲ್ಲಿ ಅಲುಗುವ ದೀಪಗಳು. 'ನೀ ಬರದಂಗ ಐತಿ ಅಕ್ಕಾ' ಎಂದೆ. ಅವಳನ್ನು ರಮಿಸಬೇಕಿತ್ತು. ದಿಬ್ಬಣದಲ್ಲಿ ಪರಿಚಯವಿಲ್ಲದವರ ನಡುವೆ ಸಿಕ್ಕವಳಂತೆ ಅವಳು ಸೆರಗನ್ನು ಬಿಗಿ ಹಿಡಿದು ನಿಂತಿದ್ದಳು.

ಪರದೆ ಏಳುವ ಮುಂಚೆ ನಾಟಕದ ಹೆಸರು ಕೂಗಿದಾಗ ಗೊತ್ತಾಯಿತು, ಹೊಳೆಯಲ್ಲಿ ನಾವೆ ನಡೆಸಿದ ಹೆಂಗಸಿನ ಕತೆಯನ್ನು ಅಕ್ಕ ಬರೆದದ್ದು ಇದೇ ಹೆಸರಿನ ನಾಟಕಕ್ಕೆ. ಇಲ್ಲಿ ಹೊಳೆ ಇರಲಿಲ್ಲ, ನಾವೆ ಇರಲಿಲ್ಲ. ಬಾಡಿಗೆ ಮನೆಗಾಗಿ ಇಬ್ಬರು ಅಣ್ಣತಮ್ಮಂದಿರು ಜಗಳಾಡುವ ನಗೆನಾಟಕ. ಸುತ್ತ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕೆ, ಬಹಳ ನಕ್ಕೆ. ಪಕ್ಕದಲ್ಲಿ ಅಕ್ಕ ಪಿಸುಗುಟ್ಟಿದಳು, 'ಹಿಂಗಲ್ಲ ಇದು.'

ಮಧ್ಯಂತರದಲ್ಲಿ ಎದ್ದಳು. 'ನಡಿ, ಮನಿಗೆ ಹೋಗೂಣು.'

'ಇನ್ನೂ ಅರ್ಧ ಐತಿ ಅಕ್ಕಾ!'

'ನೀ ಕೂಡು ಬೇಕಾದ್ರ. ನಾ ಹೋಕ್ಕೀನಿ.'

ಅವಳ ಹಿಂದೆ ಮುನಿಸಿಕೊಂಡೇ ನಡೆದೆ. ಓಣಿಯ ತಿರುವಿನಲ್ಲಿ ಅತ್ತೆಯ ಕೂಗು ಕೇಳಿಸಿತು. ಭಾವ ಬಾಗಿಲ ಹೊರಗೆ ಗೋಡೆಗೆ ತಲೆ ಕೊಟ್ಟು ನಿಂತಿದ್ದರು. ಹಾಸಿಗೆ ಹೊಲಸಾಗಿತ್ತು. ಎಷ್ಟು ಹೇಳಿದರೂ ಮಗನ ಕೈಯಿಂದ ಸೀರೆ ಬದಲಿಸಿಕೊಳ್ಳಲು ಆ ತಾಯಿ ಒಪ್ಪಿರಲಿಲ್ಲ. ಎರಡು ತಾಸು ಹಾಗೇ ಬಿದ್ದಿದ್ದರು. ಅಕ್ಕನನ್ನು ಕಂಡದ್ದೇ, 'ಕುಠಂ ಗೇಲೀ ಹೋತೀಸ ಗಂ?' ಎಂದು ಸಣ್ಣ ಕೂಸಿನಂತೆ ಅತ್ತರು. ಎಲ್ಲಿಗೆ ಹೋಗಿದ್ದೆಯೇ? ಆ ಮುದುಕಿ ಸಿಟ್ಟಿನಲ್ಲಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಕ್ಕ ಸೀರೆ ಕಚ್ಚೆ ಕಟ್ಟಿ, ಒಲೆಯ ಮೇಲೆ ನೀರಿಟ್ಟಳು.

ಉಳಿದ ದಿನಗಳನ್ನು ಅಲ್ಲಿ ಕಳೆಯಲು ನನಗಾಗಲಿಲ್ಲ. ಎರಡು ದಿನ ಬಿಟ್ಟು ಹೊರಟೆ. ಸ್ಟ್ಯಾಂಡಿಗೆ ಭಾವನೇ ಬಂದರು. ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಕೈಗೆ ಒಂದು ಭಡಂಗದ ಪೊಟ್ಟಣ ಕೊಟ್ಟು, ನೀನು ಹೇಳಿದ್ದು ಒಳ್ಳೆಯದಾಯಿತು, ನನಗೆ ಗೊತ್ತೇ ಇರಲಿಲ್ಲ ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು.

ಅವರು ಮಾತಿಗೆ ತಪ್ಪುವವರಾಗಿರಲಿಲ್ಲ. ತಾಯಿಯನ್ನು ನೋಡಿಕೊಳ್ಳಲು ಓಣಿಯ ಹೆಂಗಸೊಬ್ಬಳನ್ನು ಗೊತ್ತುಮಾಡಿ, ವರ್ಷಕ್ಕೆ ಎರಡೋ ಮೂರೋ ಸಲ ಅಕ್ಕನನ್ನು ನಾಟಕಕ್ಕೆ ಕರೆದೊಯ್ದರು ಎಂದು ಆಮೇಲೆ ತಿಳಿಯಿತು. ಆದರೆ ಅಕ್ಕನಿಂದ ತಿಂಗಳುಗಟ್ಟಲೆ ಕಾಗದ ಬರಲಿಲ್ಲ. ಬಂದಾಗ ಇದ್ದದ್ದು ನಾಲ್ಕು ಸಾಲು. ನಾವೆಲ್ಲ ಕ್ಷೇಮ, ಅತ್ತೆಯವರು ಇದ್ದ ಹಾಗೇ ಇದ್ದಾರೆ, ಮಳೆ ಆಗಿದೆ, ಅವ್ವ ಅಪ್ಪನಿಗೆ ನಮಸ್ಕಾರ.

'ಇಷ್ಟ ಏನ?' ಅವ್ವ ಕೇಳಿದಳು.

ನಾನು ಗಾಬರಿಯಾಗಿ, ಖಾಲಿ ಮಡಿಕೆಯನ್ನು ನೋಡುತ್ತ ಇಲ್ಲದ್ದನ್ನು ಓದತೊಡಗಿದೆ. ಹೊಳೆಗೆ ಹೊಸ ನೀರು ಬಂದಿದೆಯಂತೆ, ಘಾಟಿನ ಮೇಲೆ ಜನವೋ ಜನವಂತೆ, ಒಬ್ಬ ರಾಜನ ನಾಟಕ ನೋಡಿದಳಂತೆ. ರಾಜನಿಗೆ ಏನಾಯಿತೆಂದು ಮುಂದೆ ಹೊಳೆಯಲಿಲ್ಲ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. 'ಸಾಕು ಬಿಡು,' ಅಂದಳು, 'ಇದು ಅಕಿ ಬರದಂಗ ಇಲ್ಲ.' ಎದ್ದು ಒಳಗೆ ಹೋದಳು. ಮುಂದಿನ ಕಾಗದಗಳನ್ನು ನಾನು ಇದ್ದಷ್ಟೇ ಓದಿದೆ. ಕ್ರಮೇಣ ಅವ್ವ ಕೇಳಲು ಬಂದು ಕೂಡುವುದನ್ನೂ ಬಿಟ್ಟಳು.

ಅಕ್ಕನ ಅತ್ತೆ ಆ ಮೇಲೂ ಎಂಟು ವರ್ಷ ಬದುಕಿದರು. ಆ ಹೊತ್ತಿಗೆ ನನಗೆ ಅಥಣಿ ತಾಲೂಕಿನ ತೆಲಸಂಗದಲ್ಲಿ ಶಾಲೆಯ ನೌಕರಿಯಾಗಿ, ಮದುವೆಯಾಗಿ, ಒಬ್ಬಳು ಮಗಳಿದ್ದಳು. ಅತ್ತೆ ತೀರಿದ ಮರುವರ್ಷ ಅಕ್ಕ ಮೊದಲ ಬಾರಿಗೆ ನನ್ನ ಮನೆಗೆ ಬಂದು ನಾಲ್ಕು ದಿನ ಇದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಮಲಗಿದರೆ ಒಂದು ಗಂಟೆಗೆ ಎಚ್ಚರವಾಗಿ ಎದ್ದು ಕೂಡುತ್ತಿದ್ದಳು. ಯಾರ ಮಗ್ಗಲು ಬದಲಿಸಬೇಕು ಎಂದು ಕತ್ತಲಲ್ಲಿ ಹುಡುಕುವವಳ ಹಾಗೆ.

ಕೊನೆಯ ದಿನ ಇಬ್ಬರೂ ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದೆವು. ಅಷ್ಟು ವರ್ಷ ಹೇಳದೆ ಉಳಿದದ್ದನ್ನು ನಾನು ಹೇಳಿದೆ. 'ತಪ್ಪಾತು ಅಕ್ಕಾ. ದಾಜಿ ಮುಂದ ನಾ ಅವತ್ತ ಹೇಳಬಾರದಿತ್ತು.'

ಅವಳು ಮೊರದಿಂದ ಒಂದು ಹರಳು ಆರಿಸಿ ಆಚೆ ಎಸೆದಳು.

'ಅವರು ಕೆಟ್ಟವರಲ್ಲ. ಕರಕೊಂಡ ಹೋದರು, ತೋರಿಸಿದರು. ನಾ ಸುಮ್ಮನ ಕೂತು ನೋಡಿದೆ.'

'ಹಂಗಲ್ಲ, ನೀ ಬರಿಯೂದು ನಿಂತ ಹೋತಲ್ಲ.'

'ಒಂದಿಲ್ಲ ಒಂದಿನ ನಿಲ್ಲೂದ ಇತ್ತು ಅದು,' ಅಂದಳು. ಮೊರದಲ್ಲಿದ್ದುದನ್ನೆಲ್ಲ ಕೇರಿ ಬುಟ್ಟಿಗೆ ಸುರುವಿದಳು. ನಾನು ಮಾತು ಮುಗಿಯಿತೆಂದೇ ತಿಳಿದಿದ್ದೆ. 'ಆದ್ರ ನಾನೇ ನಿಲ್ಲಿಸಬೇಕಾಗಿತ್ತು, ತಂಗೀ.'

ಮಧ್ಯಾಹ್ನ ಅವಳನ್ನು ಬಸ್ಸಿಗೆ ಹತ್ತಿಸಿದೆ. ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಂದಿನ ಸೀಟಿನ ಸರಳು ಹಿಡಿದು ಕೂತಳು. ಮುಟ್ಟಿದ ಮೇಲೆ ಕಾಗದ ಹಾಕು ಎಂದೆ. ಆಯಿತು ಎಂದು ತಲೆಯಾಡಿಸಿದಳು. ವಾರದ ಮೇಲೆ ಒಂದು ಕಾರ್ಡು ಬಂತು. ಸುಖವಾಗಿ ಮುಟ್ಟಿದೆ ಎಂದು ಬರೆದಿದ್ದಳು.